ಏಳು ಮಿಲಿಮೀಟರ್

ಮೇಲ್ದವಡೆ ನಿಂತಲ್ಲಿ ಮುಖ ನಿಲ್ಲುತ್ತದೆ ಎಂದು ಡಾಕ್ಟರ್ ಫಿರೋಜಾ ಮುಲ್ಲಾ ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೂಗಿನ ಇಕ್ಕೆಲದ ತುಂಬು, ಮೇಲ್ತುಟಿಯ ಏರಿಳಿತ, ಸುಮ್ಮನೆ ಕೂತಾಗ ತುಟಿಯ ಕೆಳಗೆ ಇಣುಕುವ ಹಲ್ಲಿನ ಅಂಚು, ನಕ್ಕಾಗ ಕಾಣುವ ಒಸಡು, ಇವೆಲ್ಲ ಆ ಒಂದು ಮೂಳೆ ಹಿಡಿದ ಜಾಗವನ್ನೇ ನೆಚ್ಚಿಕೊಂಡಿವೆ. ಒಂದಿಷ್ಟು ಕೆಳಗಿಳಿಸಿದರೆ ಮುಖಕ್ಕೆ ಕಳೆ ಬರುತ್ತದೆ, ಇನ್ನೊಂದಿಷ್ಟು ಇಳಿಸಿದರೆ ಕುದುರೆ ಮುಖವಾಗುತ್ತದೆ. ನಡುಗೆರೆ ಕೂದಲೆಳೆಯಷ್ಟು ಸರಿದರೂ ನೋಡುವವರ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ; ಏನು ಸರಿಯಿಲ್ಲ ಎಂಬುದು ಮಾತ್ರ ಅವರಿಗೆ ತಿಳಿಯುವುದಿಲ್ಲ.

ಹುಬ್ಬಳ್ಳಿಯ ಆ ಆಸ್ಪತ್ರೆಯ ಮೇಲಿನ ಮಹಡಿಯ ಪ್ಲಾನಿಂಗ್ ರೂಮಿನಲ್ಲಿ ಭುವನಾ ಮಾಡುತ್ತಿದ್ದ ಕೆಲಸವೇ ಅದು. ರೋಗಿಯ ತಲೆಯ ಸ್ಕ್ಯಾನನ್ನು ‘ದರ್ಪಣ’ಕ್ಕೆ ಕೊಟ್ಟು, ಪರದೆಯ ಮೇಲೆ ಮೇಲ್ದವಡೆಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಿ ನೋಡುವುದು. ದರ್ಪಣ ಲಕ್ಷಾಂತರ ಮುಖಗಳನ್ನು ಕಂಡುಂಡ ಯಂತ್ರ. ಮೂಳೆ ಸರಿದಂತೆಲ್ಲ ಮುಂದೆ ಬರಲಿರುವ ಮುಖವನ್ನು ತೋರಿಸಿ, ಅದನ್ನು ನಗಿಸಿ, ಮಾತಾಡಿಸಿ, ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕವನ್ನೂ ಕೊಡುತ್ತಿತ್ತು.

ಹಿಂದೆಲ್ಲ ಡಾಕ್ಟರು ಆಪರೇಷನ್ ಟೇಬಲ್ಲಿನ ಮೇಲೆಯೇ ದವಡೆ ಕತ್ತರಿಸಿ, ಹೊಸ ಜಾಗದಲ್ಲಿ ಕೂರಿಸಿ, ಲೋಹದ ಪಟ್ಟಿ ಹಾಕಿ ಸ್ಕ್ರೂ ಬಿಗಿಯುತ್ತಿದ್ದರು. ಬಿಗಿದರೆ ಮುಗಿಯಿತು. ‘ಸರಿಗೀಲು’ ಎಂಬ ಸಾಧನ ಬಂದ ಮೇಲೆ ಆ ಆತುರ ತಪ್ಪಿತು. ಜೀರಿಗೆ ಕಾಳಿನಷ್ಟು ಸಣ್ಣ ನಾಲ್ಕು ಮೋಟಾರುಗಳನ್ನು ಮೂಳೆಯೊಳಗೆ ಕೂರಿಸುತ್ತಾರೆ. ಬಿಡಿಸಿದ ಮೇಲ್ದವಡೆ ಅವುಗಳ ಆಸರೆಯಲ್ಲಿ ನಿಂತಿರುತ್ತದೆ. ಪ್ಲಾನಿಂಗ್ ರೂಮಿನಿಂದ ಅಪ್ಪಣೆ ಹೋದಂತೆ ದಿನಕ್ಕೊಂದಿಷ್ಟು ಮುಂದಕ್ಕೆ ಸರಿಯುತ್ತದೆ. ಹಿಂದೆ ಬಿಟ್ಟ ಸಂದಿಯಲ್ಲಿ ಎಳೆಮೂಳೆ ಚಿಗುರುತ್ತ ಬರುತ್ತದೆ. ಸಾಕು ಎನಿಸಿದಲ್ಲಿ ಬೀಗ ಹಾಕಿದರೆ ಆ ಎಳೆಮೂಳೆ ಗಟ್ಟಿಯಾಗಿ ಮುಖ ಅಲ್ಲಿಗೆ ನಿಲ್ಲುತ್ತದೆ.

ಜನಕ್ಕೆ ಇದು ಬಹಳ ಹಿಡಿಸಿತ್ತು. ಮದುವೆಗೆ ಸೀರೆ ಆರಿಸುವ ಹಾಗೆ ಮನೆಮಂದಿಯೆಲ್ಲ ಕೂತು, ಇನ್ನೊಂಚೂರು ಮುಂದಿರಲಿ, ಇಲ್ಲ ಇಷ್ಟೇ ಸಾಕು ಎಂದು ಮುಖ ಆರಿಸುತ್ತಿದ್ದರು. ಗದಗಿನ ಒಬ್ಬ ಹೆಣ್ಣುಮಗಳ ತವರಿನವರು ನಿಲ್ಲಿಸಿ ಎಂದು, ಅತ್ತೆಮನೆಯವರು ಮುಂದುವರಿಸಿ ಎಂದು ಸರದಿಯ ಮೇಲೆ ಫೋನು ಮಾಡುತ್ತಿದ್ದಾಗ, ನಿಮಗೇನು ಬೇಕು ಎಂದು ಭುವನಾ ಕೇಳಿದ್ದಕ್ಕೆ ಆಕೆ ಸುಮ್ಮನೆ ಅತ್ತುಬಿಟ್ಟಿದ್ದಳು.

ಇಷ್ಟೊಂದು ಮುಖಗಳನ್ನು ನೆಟ್ಟಗೆ ಮಾಡಿದ ಭುವನಾಳ ಮೇಲ್ದವಡೆ ಮಾತ್ರ ಹಿಂದೆಯೇ ಉಳಿದಿತ್ತು. ಕೆಳಗಿನ ಹಲ್ಲುಗಳು ಮೇಲಿನವನ್ನು ದಾಟಿ ಮುಂದೆ ನಿಂತಿದ್ದವು. ರೊಟ್ಟಿ ಅಗಿಯುವಾಗ ಕಿವಿಯ ಬುಡದಲ್ಲಿ ಚುಳ್ಳೆನ್ನುತ್ತಿತ್ತು. ಹೊರಗಿನವರೊಡನೆ ಮಾತಾಡುವಾಗ ಎಡಗೈ ತಾನಾಗಿ ಬಾಯಿಯ ಮುಂದೆ ಬರುತ್ತಿತ್ತು.

“ಊರ ಮಂದಿ ದವಡಿ ಎಲ್ಲಾ ಸರಿಸಿದಿ. ನಿಂದು ಯಾವಾಗ?” ಎಂದು ಡಾಕ್ಟರ್ ಮುಲ್ಲಾ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದರು.

“ನೋಡೂಣ್ರಿ ಮೇಡಂ.”

ಈ ಸಲ ಅವರು ಅವಳ ಸ್ಕ್ಯಾನನ್ನೇ ಪರದೆಯ ಮೇಲೆ ತೆಗೆದಿಟ್ಟರು. “ಇನ್ನ ನೋಡೂದು ಏನೂ ಉಳದಿಲ್ಲ. ದವಡಿ ಕೀಲು ಸವ್ಯಾಕತ್ತೈತಿ. ಹಿಂಗ ಬಿಟ್ರ ಮುಂದ ಬಾಯಿ ತೆರ್ಯಾಕ ಬರೂದಿಲ್ಲ, ತಿಳೀತಿಲ್ಲೋ?”

ತಿಳಿದಿತ್ತು. ಇತರರಿಗೆ ಅವಳೇ ಹೇಳುತ್ತಿದ್ದ ಮಾತು ಅದು.

*

ಭುವನಾಳ ತಾಯಿ ಕಾಶವ್ವ ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಅರ್ಧ ಆಯುಷ್ಯ ಕಳೆದವಳು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅಲ್ಲಿನ ಹೆಂಗಸರು ಮಗ್ಗದ ಆಚೆ ಈಚೆ ನಿಂತು ಬರೀ ತುಟಿ ನೋಡಿ ಹರಟೆ ಹೊಡೆಯುತ್ತಾರೆ, ಜಗಳವನ್ನೂ ಆಡುತ್ತಾರೆ. ಹಾಗಾಗಿ ತನ್ನ ಕಿವಿ ಹೋದದ್ದು ಕಾಶವ್ವನಿಗೆ ಬಹಳ ದಿನ ಗೊತ್ತೇ ಆಗಿರಲಿಲ್ಲ. ಗಂಡ ತೀರಿಕೊಂಡು ಮನೆ ಸದ್ದಿಲ್ಲದೆ ಉಳಿದಾಗ, ಆ ನಿಶ್ಶಬ್ದ ಮನೆಯದಲ್ಲ ತನ್ನದು ಎಂದು ತಿಳಿಯಿತು.

ಈಗ ತಾಯಿ ಮಗಳಿಬ್ಬರೂ ಬೆಂಗೇರಿಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದರು. ಎದುರಿನವರ ಮಾತನ್ನು ಅಕ್ಷರದಲ್ಲಿ ಬರೆದು ತೋರಿಸುವ ಕನ್ನಡಕ ಒಂದನ್ನು ಭುವನಾ ತಂದುಕೊಟ್ಟಿದ್ದಳು. ಕಾಶವ್ವ ಅದನ್ನು ಒಂದು ವಾರ ಹಾಕಿಕೊಂಡು ತೆಗೆದಿಟ್ಟಳು. “ಅಕ್ಷರ ಓದೂದ್ರಾಗ ಮಾರಿ ತಪ್ಪಿ ಹೊಕ್ಕೈತಿ” ಎಂದಳು. ಮಗಳ ತುಟಿ ಅವಳಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಒಲೆಯ ಮುಂದೆ ಕೂತೇ ಓರೆಗಣ್ಣಲ್ಲಿ ಓದಿಬಿಡುತ್ತಿದ್ದಳು. ಬ, ಮ ಎರಡೂ ಅಕ್ಷರಕ್ಕೆ ತುಟಿ ಕೂಡುವುದು ಒಂದೇ ರೀತಿ. ತುಟಿ ಓದುವವರು ಅಲ್ಲೇ ಎಡವುತ್ತಾರೆ. ಆದರೆ ಭುವನಾಳ ಹಲ್ಲುಗಳು ಹಿಂದುಮುಂದಾಗಿ ಕೂಡುತ್ತಿದ್ದುದರಿಂದ ‘ಮ’ ಬಂದಾಗ ಕೆಳತುಟಿ ಮೇಲೆ ಹತ್ತಿ ಕೂರುತ್ತಿತ್ತು, ‘ಬ’ ಬಂದಾಗ ಕೆಳಗಿನ ಹಲ್ಲು ಮಿಂಚಿ ಮಾಯವಾಗುತ್ತಿತ್ತು. ಕಾಶವ್ವನಿಗೆ ಅಷ್ಟು ಸಾಕಾಗಿತ್ತು. ಅವ್ವನ ಮುಂದೆ ಮಾತ್ರ ಭುವನಾ ಬಾಯಿಗೆ ಕೈ ಅಡ್ಡ ಇಡುತ್ತಿರಲಿಲ್ಲ, ಇಡುವಂತೆಯೂ ಇರಲಿಲ್ಲ.

ಆಪರೇಷನ್ನಿನ ಸುದ್ದಿ ಹೇಳಿದಾಗ ಕಾಶವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ಮಾಡಿಸ್ಕೊ. ನಾ ಏನ್ ಬ್ಯಾಡಂದೇನ?”

“ಮಾರಿ ಬ್ಯಾರೆ ಆಕ್ಕೈತಿ ಯವ್ವಾ.”

“ಆಗಲಿ. ಹಲ್ಲಿನ ಬ್ಯಾನಿ ಹೋದ್ರ ಸಾಕು.”

ಅವಳು ಅಷ್ಟು ಸಲೀಸಾಗಿ ಒಪ್ಪಿದ್ದು ಭುವನಾಳಿಗೆ ಸಮಾಧಾನ ಕೊಡುವ ಬದಲು ಕಸಿವಿಸಿ ಮಾಡಿತು. ಅವ್ವ ಬೇಡ ಎನ್ನಲಿ ಎಂದು ತಾನು ಕಾದಿದ್ದೆನೇ ಎಂಬ ಅನುಮಾನ ಬಂದು, ಅದನ್ನು ಅಲ್ಲೇ ತಳ್ಳಿಹಾಕಿದಳು.

*

ತನ್ನ ಮುಖವನ್ನು ತಾನೇ ಯೋಜಿಸುವಂತಿಲ್ಲ ಎಂಬುದು ಪ್ಲಾನಿಂಗ್ ರೂಮಿನ ನಿಯಮ. ಆ ಕೆಲಸ ಪಕ್ಕದ ಮೇಜಿನ ಜಯತೀರ್ಥನಿಗೆ ಬಂತು. ಧಾರವಾಡದ ಹುಡುಗ, ದರ್ಪಣದ ಅಂಕವೆಂದರೆ ಅವನಿಗೆ ವೇದವಾಕ್ಯ.

“ಏಳು ಮಿಲಿಮೀಟರ್ ಮುಂದ, ಎರಡು ಕೆಳಗ, ಒಂಚೂರ ತಿರುವು. ಭುವನಾ ಅವ್ರ, ತೊಂಬತ್ನಾಲ್ಕು ಬಂದದ ನೋಡ್ರಿ! ಈ ವರ್ಷದಾಗ ಯಾರಿಗೂ ಇಷ್ಟ ಬಂದಿಲ್ಲ.”

ಪರದೆಯ ಮೇಲೆ ಒಬ್ಬ ಹೆಂಗಸು ತಿರುಗಿ ನೋಡಿದಳು. ಕೆನ್ನೆ ತುಂಬಿಕೊಂಡು, ಮೇಲ್ತುಟಿ ಹದವಾಗಿ ಮುಂದೆ ಬಂದು, ತುಟಿಯ ಕೆಳಗೆ ಹಲ್ಲಿನ ಅಂಚು ಬೇಕಾದಷ್ಟೇ ಕಾಣುತ್ತಿತ್ತು. ಕಣ್ಣು ಮಾತ್ರ ಭುವನಾಳದೇ. ಆ ಹೆಂಗಸು ನಕ್ಕಳು. ಭುವನಾ ನಗಲಿಲ್ಲ. ಆಮೇಲೆ ಬಸ್ಸಿನ ಕಿಟಕಿಯಲ್ಲಿ, ಮನೆಯ ಸ್ಟೀಲಿನ ತಟ್ಟೆಯಲ್ಲಿ, ಮೊಬೈಲಿನ ಕಪ್ಪು ಗಾಜಿನಲ್ಲಿ ತನ್ನ ಮುಖ ಕಂಡಾಗಲೆಲ್ಲ ಅದರ ಮೇಲೆ ಆ ಇನ್ನೊಂದು ಮುಖ ಬಂದು ಕೂರುತ್ತಿತ್ತು. ಕೂತಲ್ಲಿ ಕೂರಲಾಗದೆ ಎದ್ದು ಓಡಾಡುವಳು. ಯಾಕೆಂದು ಕೇಳಿದರೆ ಸೆಕೆ ಎನ್ನುವಳು.

ಆಪರೇಷನ್ ಸಲೀಸಾಗಿ ಆಯಿತು. ಊತ ಇಳಿದ ಮೇಲೆ ಸರಿಸುವ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಕೆನ್ನೆಗೆ, ಒಳಗಿನ ಮೋಟಾರುಗಳಿಗೆ ಚಾರ್ಜು ಕೊಡುವ ಪಟ್ಟಿ ಕಟ್ಟಿಕೊಂಡು ಕೂರಬೇಕು. ಆಸ್ಪತ್ರೆಯಿಂದ ಜಯತೀರ್ಥ ಅಪ್ಪಣೆ ಕಳಿಸುತ್ತಾನೆ. ಒಳಗೆ ಯಾರೋ ಮೆತ್ತಗೆ ಮೂಗಿನ ಬುಡ ಹಿಡಿದು ಎಳೆದಂತಾಗುತ್ತದೆ, ಅಷ್ಟೇ. ಗಂಜಿ, ಅಂಬಲಿ, ಮಿಕ್ಸಿಗೆ ಹಾಕಿದ ಬೇಳೆ ಊಟ. ಸ್ವಲ್ಪ ದಿನಕ್ಕೆ ಭುವನಾ ಕೆಲಸಕ್ಕೂ ಹೋಗತೊಡಗಿದಳು. ಬಸ್ ಸ್ಟಾಪಿನಲ್ಲಿ ಗುರುತಿನವರು ಎರಡು ಸಲ ತಿರುಗಿ ನೋಡತೊಡಗಿದರು.

ಮನೆಯಲ್ಲಿ ಮೊದಮೊದಲು ಅದು ನಗೆಯ ವಿಷಯವಾಗಿತ್ತು. ಬೆಲ್ಲ ಕೇಳಿದರೆ ಅವ್ವ ಮೆಣಸು ತಂದಿಡುವಳು. ಬುಧವಾರ ಎಂದರೆ ಯಾವ ಮದುವೆ ಎಂದು ಕೇಳುವಳು. ಇಬ್ಬರೂ ನಗುವರು. ಆಮೇಲಾಮೇಲೆ ಕಾಶವ್ವ ಕೇಳುವುದನ್ನು ಬಿಟ್ಟಳು. ಮಗಳು ಏನು ಹೇಳಿದರೂ ಹೂಂ ಎಂದು ತಲೆಯಾಡಿಸುವಳು. ಅವ್ವ ಹೊಂದಿಕೊಂಡಳು ಎಂದು ಭುವನಾ ನಿರಾಳವಾದಳು.

ಒಂದು ಭಾನುವಾರ ಬಹಳ ದಿನಕ್ಕೆ ನಲ್ಲಿಯಲ್ಲಿ ನೀರು ಬಂದಿತ್ತು. ಕೆಳಗಿನ ತೊಟ್ಟಿ ತುಂಬಿದರೂ ಮೇಲಿನ ಟಾಕಿಗೆ ಏರಿಸುವ ಮೋಟಾರು ಗುಂಯ್‌ಗುಡುತ್ತ ಹಿಡಿದುಕೊಂಡು ನಿಂತಿತು. ಕಾಶವ್ವನನ್ನು ಒಳಗೆ ಸ್ವಿಚ್ಚಿನ ಹತ್ತಿರ, ಕಿಟಕಿಯ ಪಕ್ಕ ನಿಲ್ಲಿಸಿ, ಸ್ವಿಚ್ ಆರಿಸಲು ಹೇಳಿ, ಭುವನಾ ಮೋಟಾರಿನ ಹಿಂದಿನ ಮುಚ್ಚಳ ಬಿಚ್ಚಿದಳು. ಒಳಗಿನ ಫ್ಯಾನನ್ನು ಕೈಯಿಂದ ಹಿಡಿದು ಅತ್ತಿತ್ತ ತಿರುಗಿಸತೊಡಗಿದಳು. ಬಿಗಿ ಸಡಿಲವಾಗುತ್ತ ಬಂತು.

ಕಿಟಕಿಯಿಂದ ಕಾಶವ್ವ ಕೂಗಿದಳು: “ಚಾಲೂ ಮಾಡ್ಲ್ಯಾ?”

ಭುವನಾ ಕತ್ತೆತ್ತಿ ಅವ್ವನಿಗೆ ಕಾಣುವಂತೆ ಮುಖ ಕೊಟ್ಟು ಹೇಳಿದಳು: “ಬ್ಯಾಡ!”

ಕಾಶವ್ವನಿಗೆ ಕಂಡದ್ದು ‘ಮಾಡ’ ಎಂದು. ಅವಳು ಸ್ವಿಚ್ ಒತ್ತಿದಳು.

ಕಿರುಚಿದ್ದು ಕಾಶವ್ವನಿಗೆ ಕೇಳಲಿಲ್ಲ. ಮಗಳು ಹಿಂದಕ್ಕೆ ಬಿದ್ದದ್ದು ಕಂಡಿತು. ಹೊರಗೆ ಓಡಿ ಬರುವಷ್ಟರಲ್ಲಿ ಭುವನಾ ಬಲಗೈಯನ್ನು ಎದೆಗೊತ್ತಿಕೊಂಡು ಕೂತಿದ್ದಳು. ರಕ್ತ ಮೊಣಕೈಯವರೆಗೆ ಇಳಿದಿತ್ತು. ಎರಡು ಬೆರಳಿನ ತುದಿ ಸೀಳಿ ಒಂದರ ಉಗುರೇ ಕಿತ್ತುಹೋಗಿತ್ತು. ಪಕ್ಕದ ಮನೆಯವರು ಆಟೊ ಕರೆದರು, ಹೊಲಿಗೆ ಬಿತ್ತು. ಇನ್ನೊಂದು ಬೆರಳಗಲ ಒಳಗಿದ್ದಿದ್ದರೆ ಬೆರಳೇ ಉಳಿಯುತ್ತಿರಲಿಲ್ಲ ಎಂದರು ಹೊಲಿಗೆ ಹಾಕಿದವರು.

ಮನೆಗೆ ಬಂದ ಮೇಲೆ ಕಾಶವ್ವ ಮಗಳ ಬ್ಯಾಂಡೇಜಿನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು.

“ನಿನ್ನ ಮಾತು ನನಗ ತಿಳಿವಲ್ವು” ಎಂದಳು. “ಮದಲ ಒಂದೊಂದು ತಪ್ಪತಿದ್ವು. ಈಗ ಪೂರಾನ ತಿಳಿವಲ್ವು. ಹೇಳಿದ್ರ ನೀ ಬ್ಯಾಸರ ಮಾಡ್ಕೋತಿ ಅಂತ ಹೂಂ ಹೂಂ ಅಂತ ತಲಿ ಹಾಕ್ಕೋತ ಬಂದೆ.”



*

“ಇಲ್ಲಿಗೇ ಬೀಗ ಹಾಕ್ರಿ ಮೇಡಂ. ನಾಲ್ಕು ಮಿಲಿಮೀಟರ್ ಆಗೇತಿ, ಸಾಕು.”

ಡಾಕ್ಟರ್ ಮುಲ್ಲಾ ಅವಳ ಬಾಯಿ ತೆರೆಸಿ ನೋಡಿದರು. ಮೇಲಿನ ಹಲ್ಲುಗಳು ಕೆಳಗಿನವುಗಳ ಅಂಚಿನ ಮೇಲೆ ಅಂಚು ಮುಟ್ಟಿ ನಿಂತಿದ್ದವು.

“ಇಲ್ಲಿ ನಿಂದ್ರಿಸಿದ್ರ ಮದಲಿಗಿಂತ ಕಡೆ. ಅಂಚಿಗೆ ಅಂಚು ಬಡದು ಹಲ್ಲು ಚೂರಾಕ್ಕಾವ. ಕೀಲಿನ ಬ್ಯಾನಿ ಹೋಗೂದಿಲ್ಲ. ಮಾರಿನೂ ಆ ಕಡೆ ಇಲ್ಲ ಈ ಕಡೆ ಇಲ್ಲ. ಬಾವಿ ಅರ್ಧ ಜಿಗದೇನಿ, ಸಾಕು ಅಂತಿಯಲ್ಲ?”

“ಮತ್ತ ಹಿಂದಕ?”

“ಎಳೆಮೂಳಿ ಬಂದೈತಿ ಅಲ್ಲೆ. ಹಿಂದ ಒತ್ತಿದ್ರ ಅದನ್ನ ಹಿಸುಕಿದಂಗ. ಎರಡು ದಿವಸ ನಿಂದ್ರಿಸಿ ಕೊಡ್ತೀನಿ. ಇಚಾರ ಮಾಡಿ ಹೇಳು.”

ಭುವನಾ ಎರಡು ದಿನ ಕಾಯಲಿಲ್ಲ. ಸರಿಗೀಲನ್ನು ಪರೀಕ್ಷೆ ಮಾಡಲೆಂದು ಒಂದು ಸಣ್ಣ ಅಪ್ಪಣೆ ಇತ್ತು. ಅದಕ್ಕೆ ಡಾಕ್ಟರ ಒಪ್ಪಿಗೆ ಬೇಕಿರಲಿಲ್ಲ. ಜಯತೀರ್ಥ ಊಟಕ್ಕೆ ಹೋದಾಗ ಅವಳು ಪಟ್ಟಿ ಕಟ್ಟಿಕೊಂಡು ತನ್ನ ದವಡೆಯನ್ನು ಅರ್ಧ ಮಿಲಿಮೀಟರ್ ಹಿಂದಕ್ಕೆ ಸರಿಸಿದಳು. ಕಣ್ಣಲ್ಲಿ ನೀರು ಬಂತು. ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ಕೂತು, “ಬೆಲ್ಲ ಕೊಡು” ಎಂದಳು. ಕಾಶವ್ವ ಬೆಲ್ಲದ ಡಬ್ಬಿಗೆ ಕೈ ಹಾಕಿದಳು. ಭುವನಾಳಿಗೆ ಹಿಡಿಸಲಾರದಷ್ಟು ಖುಷಿಯಾಯಿತು.

ಮರುದಿನ ಆಸ್ಪತ್ರೆಯ ಕನ್ನಡಿಯಲ್ಲಿ ಮುಖ ಕಂಡಾಗ ಆ ಖುಷಿ ಉಳಿಯಲಿಲ್ಲ. ಕೆನ್ನೆ ಮತ್ತೆ ಸೊರಗಿತೆಂದು ಅನ್ನಿಸಿತು. ಅರ್ಧ ಮಿಲಿಮೀಟರಿಗೆ ಅಷ್ಟೆಲ್ಲ ಕಾಣುವುದಿಲ್ಲ ಎಂದು ಅವಳ ಓದು ಹೇಳುತ್ತಿತ್ತು, ಕಣ್ಣು ಕೇಳಲಿಲ್ಲ. ಮುಂದಕ್ಕೆ ಸರಿಸಿದಳು. ಸಂಜೆ ಅವ್ವ ಹೂಂ ಎಂದು ತಲೆಯಾಡಿಸಿದಳು. ಮತ್ತೆ ಹಿಂದಕ್ಕೆ. ವಿಚಾರ ಇನ್ನೂ ಮುಗಿದಿಲ್ಲ ಎಂದು ಡಾಕ್ಟರಿಂದ ಇನ್ನಷ್ಟು ದಿನ ಪಡೆದುಕೊಂಡಳು. ಗುಬ್ಬಿ ಒಂದು ಕೋಣೆಯೊಳಗೆ ಸಿಕ್ಕಿ ಕಿಟಕಿಯಿಂದ ಕಿಟಕಿಗೆ ಬಡಿದುಕೊಳ್ಳುವಂತೆ ಆ ದಿನಗಳು ಹೋದವು. ಬೇರೆಯವರ ಮುಖಗಳನ್ನು ಯೋಜಿಸುವಾಗಲೂ ಅವಳ ನಾಲಿಗೆ ತನ್ನ ಹಲ್ಲಿನ ಸಾಲನ್ನೇ ತಡವುತ್ತಿತ್ತು. ಈಗ ಎಲ್ಲಿದೆ, ಎಷ್ಟಿದೆ, ಇನ್ನೆಷ್ಟು?

ಕೊನೆಗೆ ಮೈ ಬಿಸಿಯಾಯಿತು, ಮೂಗಿನ ಪಕ್ಕ ಕೆಂಪಗೆ ಬಾತುಕೊಂಡಿತು. ಡಾಕ್ಟರ್ ಮುಲ್ಲಾ ಕೈಗವಸು ಹಾಕಿ ಎರಡು ಬೆರಳಿನಿಂದ ಮೇಲಿನ ಹಲ್ಲಿನ ಸಾಲನ್ನು ಹಿಡಿದು ಅಲುಗಿಸಿದರು. ಇಷ್ಟೊತ್ತಿಗೆ ಅಲುಗಬಾರದ ಮೂಳೆ ಅಲುಗಿತು. ಅವರು ಕೈ ತೆಗೆದು ಅವಳ ಮುಖವನ್ನೇ ನೋಡಿದರು.

“ಏನ್ ಮಾಡಿಕೊಂಡಿ?”

ಭುವನಾ ಹೇಳಿದಳು. ಹೇಳುತ್ತ ಹೋದಂತೆ ಡಾಕ್ಟರ ಮುಖದ ಬಣ್ಣ ಬದಲಾಯಿತು.

“ಹಸಿ ಗ್ವಾಡಿ ಮ್ಯಾಲೆ ದಿನಾ ಕೈ ಆಡಿಸಿದ್ರ ಅದು ಒಣಗೂದು ಯಾವಾಗ? ಬ್ಯಾರೆ ಯಾರರ ಮಾಡಿದ್ರ ತಿಳೀದ ಮಾಡ್ಯಾರ ಅಂತಿದ್ದೆ. ನೀ? ಮೂಳಿ ಕೂಡಲಿಲ್ಲಂದ್ರ ಮತ್ತ ಬಾಯಿ ಕೊಯ್ಯಬೇಕು, ಸೊಂಟದ ಮೂಳಿ ತಗದು ತುಂಬಬೇಕು. ಅದೂ ಹಿಡೀತೈತಿ ಅಂತ ನಾ ಹೇಳಾಕ ಬರೂದಿಲ್ಲ.” ಅವರು ಮೇಜಿನ ಮೇಲಿದ್ದ ಪಟ್ಟಿಯನ್ನು ತೆಗೆದು ತಮ್ಮ ಡ್ರಾಯರಿನೊಳಗೆ ಹಾಕಿ ಕೀಲಿ ತಿರುಗಿಸಿದರು. “ನಾಳೆ ನಿಮ್ಮವ್ವನ್ನ ಕರಕೊಂಡ ಬಾ. ಬರೀ ನಿನ್ನ ಕೂಡ ಮಾತಾಡಿ ಆತು.”

*

ಕಾಶವ್ವ ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಪ್ಲಾನಿಂಗ್ ರೂಮಿನ ತುಂಬ ಪರದೆಗಳು, ಪರದೆಯ ತುಂಬ ಅರ್ಧ ಮೂಳೆ ಅರ್ಧ ಚರ್ಮದ ಮುಖಗಳು. ಅವಳು ಒಂದೊಂದನ್ನೂ ನಿಂತು ನೋಡಿದಳು. ಜಯತೀರ್ಥ ಕುರ್ಚಿ ಎಳೆದು ಕೂರಿಸಿ, ದರ್ಪಣದಲ್ಲಿ ಭುವನಾಳ ಏಳು ಮಿಲಿಮೀಟರಿನ ಮುಖ ತೆರೆದ. ಆ ಮುಖ ನಕ್ಕಿತು, ತುಟಿ ಆಡಿಸಿತು.

“ಚಂದ ಐತಿ” ಎಂದಳು ಕಾಶವ್ವ. “ನಮ್ಮ ಬಾಳವ್ವತ್ತಿ ಹಿಂಗ ಇದ್ದಳು, ನಡು ವಯಸ್ಸಿನ್ಯಾಗ.”

ಬಾಳವ್ವ ಎಂದರೆ ಭುವನಾಳ ತಂದೆಯ ತಾಯಿ. ಅವಳ ಒಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ತಾನು ಪರಕೀಯ ಎಂದುಕೊಂಡಿದ್ದ ಮುಖಕ್ಕೆ ಮನೆಯೊಳಗೆ ಒಂದು ಹೆಸರಿದೆ ಎಂಬುದು ಭುವನಾಳಿಗೆ ವಿಚಿತ್ರವೆನಿಸಿತು.

ಕಾಶವ್ವ ಕುರ್ಚಿಯಲ್ಲೇ ಮಗಳ ಕಡೆ ತಿರುಗಿದಳು. “ಡಾಕ್ಟರ್ ಬಾಯಾರು ಎಲ್ಲಾ ಹೇಳಿದ್ರು. ಹಿಂದ ಯಾಕ ಸರಿಸಿಕೊಂಡಿ?”

“ನಿನ್ನ ಸಲವಾಗಿ, ಯವ್ವಾ.” ಭುವನಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಕಾಶವ್ವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಸುಳ್ಳು.”

“ಸುಳ್ಳಲ್ಲ. ನಿನಗ ನನ್ನ ಮಾತು…”

“ಮಾತು ತಿಳಿವಲ್ದಿದ್ರೂ ಮಾರಿ ತಿಳೀತೈತಿ ನನಗ. ನಿನಗ ಅಂಜಿಕಿ ಆಗೈತಿ. ಅಂಜು. ಯಾರ ಬ್ಯಾಡಂದಾರ? ನನಗೂ ಅಂಜಿಕಿ ಐತಿ. ಆದ್ರ ನನ್ನ ಕಿವಿ ಹಿಂದ ಅಡಗಿ ಕುಂಡರಬ್ಯಾಡ.”

ಭುವನಾ ತಲೆ ತಗ್ಗಿಸಿಯೇ ಏನೋ ಹೇಳಿದಳು.

“ಏನಂದಿ? ಮಾರಿ ಮ್ಯಾಲೆ ಮಾಡಿ ಹೇಳು.”

ಅವಳು ಮುಖ ಎತ್ತಿ ಇನ್ನೊಮ್ಮೆ ಹೇಳಿದಳು. ಕಾಶವ್ವ ತಲೆ ಅಡ್ಡಡ್ಡ ಆಡಿಸಿದಳು. ತಿಳಿಯಲಿಲ್ಲ. ಈ ಸಲ ಅವಳು ಹೂಂ ಎನ್ನಲಿಲ್ಲ.

ಜಯತೀರ್ಥ ಕೀಬೋರ್ಡನ್ನೇ ದಿಟ್ಟಿಸುತ್ತ ಕೂತ. ಡಾಕ್ಟರ್ ಮುಲ್ಲಾ ಗೋಡೆಗೆ ಒರಗಿ ನಿಂತಿದ್ದರು. ಯಾರ ಮುಂದೆಯೂ ಆಡಬಾರದೆಂದು ವರ್ಷಗಟ್ಟಲೆ ಒಳಗಿಟ್ಟುಕೊಂಡ ಮಾತನ್ನು ಭುವನಾ ಅವರಿಬ್ಬರ ಮುಂದೆ, ತುಟಿಯನ್ನು ಅಗಲವಾಗಿ ಬಿಚ್ಚಿ, ಮಗುವಿಗೆ ಅಕ್ಷರ ಕಲಿಸುವವರ ಹಾಗೆ ಮೂರನೆಯ ಸಲ ಹೇಳಬೇಕಾಯಿತು.

“ಈ ಮಾರಿ ನೆವದಾಗ ಎಷ್ಟೋ ಬಿಟ್ಟೇನಿ, ಯವ್ವಾ. ಮದುವಿ ಬ್ಯಾಡಂದೆ. ಹೊಸಬರಿಗೆ ಪಾಠ ಮಾಡು ಅಂದ್ರು, ಒಲ್ಲೆ ಅಂದೆ. ಮಂದಿ ನನ್ನ ಕಂಡು ಹಿಂದ ಸರದ್ರ ಅದು ಈ ದವಡಿ ಕಾರಣ ಅಂದ್ಕೊಂಡೆ. ಇನ್ನ ಮ್ಯಾಲೆ ನೆವ ಇರೂದಿಲ್ಲ. ಆಗೂ ಯಾರೂ ಹತ್ರ ಬರ್ಲಿಲ್ಲಂದ್ರ?”

ಈ ಸಲ ಕಾಶವ್ವನಿಗೆ ತಿಳಿಯಿತು. ಎಲ್ಲವೂ ಅಲ್ಲ, ನೆವ, ಮದುವೆ, ಯಾರೂ ಬರಲಿಲ್ಲಂದ್ರ ಎಂಬಷ್ಟು ತಿಳಿಯಿತು. ಅವಳು ಸಮಾಧಾನದ ಮಾತೇನೂ ಆಡಲಿಲ್ಲ.

“ಬರ್ಲಿಲ್ಲಂದ್ರ ಇಲ್ಲ. ಬ್ಯಾನಿ ಇಲ್ದ ರೊಟ್ಟಿ ತಿಂತಿ” ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, “ಬಾಯಾರ, ಮುಂದ ಹೋಗಾಕ ಬರ್ತೈತೇನ್ರಿ ಇನ್ನ?” ಎಂದು ಕೇಳಿದಳು.

ಬರುತ್ತದೆ, ಆದರೆ ಏಳಕ್ಕಲ್ಲ. ಡಾಕ್ಟರ್ ಮುಲ್ಲಾ ಕಾಶವ್ವನಿಗೆ ಕಾಣುವಂತೆ ಎದುರಿಗೆ ಬಂದು, ಬೆರಳಿನಲ್ಲಿ ತೋರಿಸುತ್ತ ನಿಧಾನವಾಗಿ ಹೇಳಿದರು. ಮೊದಲು ಸೋಂಕು ಇಳಿಯಬೇಕು. ಆಮೇಲೆ ಒಂದಷ್ಟು ದಿನ ಯಾರೂ ಮುಟ್ಟಬಾರದು. ಎಳೆಮೂಳೆ ಮತ್ತೆ ಹಿಡಿದರೆ, ಹಲ್ಲು ಸರಿಯಾಗಿ ಕೂಡುವಷ್ಟು ಮಾತ್ರ ಮುಂದೆ ತಂದು ಬೀಗ ಹಾಕುವುದು. ಹಿಡಿಯದಿದ್ದರೆ ಸೊಂಟದ ಮೂಳೆ.

ಮುಟ್ಟದೆ ಕಾಯುವ ಆ ದಿನಗಳೇ ಎಲ್ಲಕ್ಕಿಂತ ಕಷ್ಟವಾದವು. ಪಟ್ಟಿ ಡಾಕ್ಟರ ಡ್ರಾಯರಿನಲ್ಲಿತ್ತು. ಭುವನಾಳ ಬೆರಳು ಮಾತ್ರ ಇಲ್ಲದ ಪಟ್ಟಿಯನ್ನು ಹುಡುಕಿ ಕೆನ್ನೆಗೆ ಹೋಗುತ್ತಿತ್ತು. ಗುಂಯ್ ಎನ್ನುವಷ್ಟು ತಲೆ ಬಿಸಿಯಾದಾಗ ಎದ್ದು ಬೆಂಗೇರಿಯ ಸಂತೆಯವರೆಗೆ ನಡೆದು ಬರುವಳು. ಹೋಗುವಾಗ ಒಂದು ಮನಸ್ಸು, ಬರುವಾಗ ಇನ್ನೊಂದು. ಒಂದು ದಿನ ಸ್ಕ್ಯಾನಿನಲ್ಲಿ ಸಂದಿಯ ನಡುವೆ ಎಳೆಮೂಳೆಯ ಮಂಜಿನಂಥ ಬಿಳುಪು ಕಾಣಿಸಿತು. ಜಯತೀರ್ಥ ಮೊದಲು ಕಂಡವನು. ಪರದೆಯನ್ನು ಅವಳ ಕಡೆ ತಿರುಗಿಸಿದ.

ದವಡೆ ಮತ್ತೆ ಸರಿಯತೊಡಗಿತು. ಆರು ಮಿಲಿಮೀಟರಿಗೆ ಕೊಂಚ ಒಳಗೇ ಡಾಕ್ಟರ್ ಮುಲ್ಲಾ ಸಾಕು ಎಂದರು. ಎಡಗಡೆಯ ಎಳೆಮೂಳೆ ದುರ್ಬಲವಾಗಿದ್ದರಿಂದ ಆ ಬದಿ ಕೂದಲೆಳೆಯಷ್ಟು ಹಿಂದೆ ಉಳಿದಿತ್ತು. ನಕ್ಕರೆ ಬಲಗಡೆಯ ತುಟಿ ಒಂಚೂರು ಹೆಚ್ಚು ಏರುತ್ತಿತ್ತು. ಅದು ಇನ್ನು ಸರಿಹೋಗುವಂಥದ್ದಲ್ಲ. ಅದು ಯಾರ ಕೈಯಿಂದ ಆದದ್ದು ಎಂದು ಭುವನಾಳಿಗೆ ಗೊತ್ತಿತ್ತು.

“ಎಂಬತ್ತೊಂದು ಕೊಡ್ಲಿಕ್ಕತ್ತದ” ಎಂದ ಜಯತೀರ್ಥ, ತನ್ನದೇ ಪರೀಕ್ಷೆಯ ಅಂಕ ಕಡಿಮೆಯಾದವನಂತೆ.

“ಕೊಡಲಿ. ಬೀಗ ಹಾಕ್ರಿ” ಎಂದಳು ಭುವನಾ.

ಒಳಗೆ ನಾಲ್ಕು ಸಲ ಟಿಕ್ ಎಂದಿತು.

*

ಬೀಗ ಬಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಮುಖ ನಿಂತಿತು, ಆದರೆ ತಾಯಿ ಮಗಳ ನಡುವಿನ ಮಾತು ಊರು ಬಿಟ್ಟುಹೋದವರ ಮನೆಯಂತೆ ಉಳಿಯಿತು. ದಿನಾ ಸಂಜೆ ಭುವನಾ ಬೆಳಕಿಗೆ ಮುಖ ಮಾಡಿ ಕೂತು ಒಂದೊಂದು ಮಾತು ಹೇಳುವಳು, ಕಾಶವ್ವ ಊಹಿಸುವಳು. ಹತ್ತರಲ್ಲಿ ಆರು ತಪ್ಪುತ್ತಿದ್ದವು. ಒಮ್ಮೆ ಕಾಶವ್ವ ಸಿಟ್ಟಿನಿಂದ, “ನಾ ಏನ್ ಸಾಲಿ ಹುಡುಗೀನ? ಸಾಕು ಬಿಡು” ಎಂದು ಬೆನ್ನು ತಿರುಗಿಸಿ ಕೂತುಬಿಟ್ಟಳು. ಬೆನ್ನು ತಿರುಗಿಸಿದವಳಿಗೆ ಏನು ಹೇಳಿದರೂ ತಲುಪುವುದಿಲ್ಲ. ಭುವನಾ ಎದ್ದು ಸುತ್ತು ಹಾಕಿ ಅವಳ ಎದುರಿಗೆ ಬಂದು ಕೂತಳು. ಕಾಶವ್ವ ಕಣ್ಣು ಮುಚ್ಚಿಕೊಂಡಳು. ಆ ರಾತ್ರಿ ಇಬ್ಬರೂ ಮಾತಿಲ್ಲದೆ ಉಂಡರು. ಮರುದಿನ ಕಾಶವ್ವ ಬನಹಟ್ಟಿಯ ತಂಗಿಯ ಮನೆಗೆ ಹೋಗಿ ತಿಂಗಳೊಪ್ಪತ್ತು ಅಲ್ಲೇ ಉಳಿದಳು. ಭುವನಾ ವಿಡಿಯೊ ಕಾಲ್ ಮಾಡಿದಾಗ, ಪರದೆಯಲ್ಲಿ ಹಲ್ಲು ಕಾಣುವುದಿಲ್ಲ ಎಂದು ತಂಗಿಯ ಕೈಗೆ ಫೋನು ಕೊಟ್ಟುಬಿಡುತ್ತಿದ್ದಳು.

ಆ ಹೊತ್ತಿಗೆ ಭುವನಾ ಹೊಸಬರಿಗೆ ಪಾಠ ಮಾಡಲು ಒಪ್ಪಿಕೊಂಡಿದ್ದಳು. ಮೊದಲ ತರಗತಿಯಲ್ಲಿ ನಾಲಿಗೆ ಒಣಗಿತು. ಮೂರನೆಯದರಲ್ಲಿ ಒಬ್ಬ ಹುಡುಗಿ ಕೈಯೆತ್ತಿ, ಅಂಕ ಹೆಚ್ಚು ಬಂದ ಜಾಗದಲ್ಲೇ ದವಡೆ ನಿಲ್ಲಿಸಬೇಕೇ ಎಂದು ಕೇಳಿದಳು. ಭುವನಾ ಉತ್ತರಕ್ಕೆ ತಡಕಾಡಿ, ಹಲ್ಲು ಕೂಡಬೇಕು, ಕೀಲು ಉಳಿಯಬೇಕು, ಅವೆರಡಾದ ಮೇಲೆ ಆ ಮುಖ ಹೊತ್ತು ಮನೆಗೆ ಹೋಗುವವರನ್ನೇ ಕೇಳು ಎಂದಳು. ಕೇಳಿದರೂ ಅವರಿಗೆ ಗೊತ್ತಿರುವುದಿಲ್ಲ ಎಂದು ಸೇರಿಸಬೇಕೆನಿಸಿದರೂ ಮುಂದಿನ ಸ್ಕ್ಯಾನ್ ತೆರೆದಳು.

ಕಾಶವ್ವ ಮರಳಿ ಬಂದಳು. ಮತ್ತೆ ಸಂಜೆಯ ಅಭ್ಯಾಸ ಶುರುವಾಯಿತು, ಮೊದಲಿನಷ್ಟು ಹಟವಿಲ್ಲದೆ. ಕೆಲವು ದಿನ ಮಾತು ಹತ್ತುತ್ತಿತ್ತು, ಕೆಲವು ದಿನ ಇಲ್ಲ.

ಒಂದು ಸಂಜೆ ಆಸ್ಪತ್ರೆಯಿಂದ ಡಾಕ್ಟರ್ ಮುಲ್ಲಾ ತಮ್ಮ ಕಾರಿನಲ್ಲೇ ಭುವನಾಳನ್ನು ಮನೆಯವರೆಗೆ ಬಿಟ್ಟರು. ಗೇಟಿನ ಮುಂದೆ ಇಳಿದ ಮೇಲೂ ಮಾತು ಮುಗಿಯಲಿಲ್ಲ. ಅವರು ಕಾರಿನ ಬಾಗಿಲಿಗೆ ಒರಗಿ ನಿಂತು, “ನಿಮ್ಮವ್ವ ಹೆಂಗದಾರ? ಈಗ ತಿಳೀತೈತೇನ ನಿನ್ನ ಮಾತು?” ಎಂದು ಕೇಳಿದರು.

“ಎಲ್ಲಿಂದ್ರಿ ಮೇಡಂ. ಮದಲಿನಂಗ ಇಲ್ಲ. ಅರ್ಧಕ್ಕರ್ಧ ಮಾತು ತಪ್ಪತಾವ. ತಪ್ಪಿದ್ದು ಹೇಳೂದೂ ಇಲ್ಲ ಆಕಿ, ಸುಮ್ನ ಹೂಂ ಅಂತ ಗೋಣ ಹಾಕ್ತಾಳ. ನನಗರ…”

“ಯಾರ ಗೋಣ ಹಾಕ್ತಾರ?”

ಇಬ್ಬರೂ ಬೆಚ್ಚಿ ಮೇಲೆ ನೋಡಿದರು. ಮಾಳಿಗೆಯ ಮೇಲೆ, ಒಣಗಿದ ಬಟ್ಟೆಗಳನ್ನು ಹೆಗಲ ತುಂಬ ಹೇರಿಕೊಂಡು, ಕಾಶವ್ವ ಗೋಡೆಗೆ ಬಾಗಿ ಮಗಳ ತುಟಿಯನ್ನೇ ನೋಡುತ್ತ ನಿಂತಿದ್ದಳು. ಓಣಿಯಲ್ಲಿ ಹೋಗುತ್ತಿದ್ದವರೆಲ್ಲ ತಲೆಯೆತ್ತಿ ನೋಡುವಷ್ಟು ಜೋರು ದನಿ.

“ಡಾಕ್ಟರ್ ಬಾಯಾರ ಮುಂದ ನಿಂತು ಹಡದವ್ವನ ಮ್ಯಾಲೆ ಚಾಡಿ ಹೇಳ್ತಿ? ಅರ್ಧ ತಪ್ಪತಾವಂತ! ಬಾ ಮ್ಯಾಲೆ, ಯಾವ ಅರ್ಧ ತೋರಿಸು.” ಹೆಗಲಿನಿಂದ ಜಾರುತ್ತಿದ್ದ ಸೀರೆಯೊಂದನ್ನು ಮೊಣಕೈಯಲ್ಲಿ ಹಿಡಿದುಕೊಂಡು ಅವಳು ಡಾಕ್ಟರ ಕಡೆ ತಿರುಗಿದಳು. “ನೀವೂ ಬರ್ರಿ ಬಾಯಾರ. ಚಾ ಇಡ್ತೀನಿ.”